ಪ್ರೆಷರ್ 17, ಕಣ್ಣು ಚೆನ್ನಾಗೇ ಕಾಣುತ್ತೆ, ಆದ್ರೂ ‘ಗ್ಲಾಕೋಮಾ ಸಸ್ಪೆಕ್ಟ್’ ಅಂತೆ. ಇಷ್ಟೆಲ್ಲ ಟೆಸ್ಟ್ ಬೇಕಾ?

ಹಳೇ ಕನ್ನಡಕ

ಓದುವ ಕನ್ನಡಕದ ನಂಬರ್ ಬದಲಾಗಿದೆ ಅನ್ನಿಸಿ ಕಣ್ಣು ತೋರಿಸಲು ಹೋಗಿದ್ದೆ. ವಯಸ್ಸು 46. ಬೋರ್ಡಿನ ಕೊನೆಯ ಸಾಲು ಎರಡೂ ಕಣ್ಣಲ್ಲಿ ಸಲೀಸಾಗಿ ಓದಿದೆ. ಕಣ್ಣಿನ ಪ್ರೆಷರ್ ನೋಡಿದರು, ಎರಡೂ ಕಡೆ 17. ನಾರ್ಮಲ್ ಅಂದರು. ಆಮೇಲೆ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಒಳಗೆ ನೋಡಿದ ಡಾಕ್ಟರ್, “ಬಲಗಣ್ಣಿನ ಕಪ್ 0.7, ಎಡಗಣ್ಣಿನದು 0.5. ಗ್ಲಾಕೋಮಾ ಸಸ್ಪೆಕ್ಟ್ ಅಂತ ಬರೆದಿರುತ್ತೇನೆ” ಅಂದರು. ಪ್ಯಾಕಿಮೆಟ್ರಿ, ಗೋನಿಯೋಸ್ಕೋಪಿ, ಓಸಿಟಿ, ಫೀಲ್ಡ್ ಟೆಸ್ಟ್ ಮಾಡಿಸಿಕೊಂಡು ಬನ್ನಿ ಅಂತ ಚೀಟಿ ಕೊಟ್ಟಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಪ್ರೆಷರ್ ಜಾಸ್ತಿ ಇಲ್ಲ, ನೋವಿಲ್ಲ, ಮಬ್ಬಿಲ್ಲ. ಮತ್ತೆ ಯಾವುದರ ಮೇಲೆ ಅನುಮಾನ? ಈ ನಾಲ್ಕು ಟೆಸ್ಟ್ ಬೇರೆ ಬೇರೆ ವಿಷಯ ಹೇಳುತ್ತವಾ, ಅಥವಾ ಒಂದನ್ನೇ ನಾಲ್ಕು ಸಲ ಅಳೆಯುವುದಾ?

ಸ್ಲಿಟ್‌ಲ್ಯಾಂಪ್

ಆಪ್ಟೊಮೆಟ್ರಿಸ್ಟ್ ಆಗಿ ಕೆಲಸ ಮಾಡುತ್ತೇನೆ. ನಿಮ್ಮ ಕಣ್ಣು ನಾನು ನೋಡಿಲ್ಲ, ಹಾಗಾಗಿ ಕಾಯಿಲೆ ಇದೆ ಅಂತಲೋ ಇಲ್ಲ ಅಂತಲೋ ಹೇಳಲು ಬರುವುದಿಲ್ಲ. ಡಾಕ್ಟರ್ ಏನು ಯೋಚಿಸಿರಬಹುದು ಅಂತ ಹೇಳಬಲ್ಲೆ.

ರೆಟಿನಾದ ನರತಂತುಗಳು ಸುಮಾರು 10ರಿಂದ 12 ಲಕ್ಷ. ಅವೆಲ್ಲ ಕಣ್ಣಿನ ಹಿಂಭಾಗದಲ್ಲಿ ಒಂದು ಕಡೆ ಸೇರಿ, ಒಂದೇ ಕಟ್ಟಾಗಿ ಮೆದುಳಿನ ಕಡೆ ಹೊರಡುತ್ತವೆ. ಹೊರಡುವ ಜಾಗದ ಹೆಸರು ಡಿಸ್ಕ್. ಅಗಲ ಒಂದೂವರೆ ಮಿಲಿಮೀಟರ್ ಆಸುಪಾಸು, ಅಷ್ಟೇ. ಲೆನ್ಸ್ ಹಿಡಿದು ನೋಡಿದರೆ ಸುತ್ತ ಕಿತ್ತಳೆ ಛಾಯೆಯ ಗುಲಾಬಿ ಉಂಗುರ ಕಾಣುತ್ತದೆ, ನಡುವೆ ಬಿಳಿಚಿದ ಗುಳಿ. ಉಂಗುರ ಅಂದರೆ ತಂತುಗಳು. ಗುಳಿ ಅಂದರೆ ತಂತು ಇಲ್ಲದ ಖಾಲಿ ಜಾಗ, ಅದೇ ಕಪ್. 0.7 ಅಂದರೆ ಮೇಲಿಂದ ಕೆಳಗೆ ಅಳೆದಾಗ ಡಿಸ್ಕ್‌ನ ಹತ್ತು ಪಾಲಿನಲ್ಲಿ ಏಳು ಪಾಲು ಗುಳಿ. ಗ್ಲಾಕೋಮಾದಲ್ಲಿ ತಂತುಗಳು ಒಂದೊಂದಾಗಿ ಸಾಯುತ್ತವೆ. ಉಂಗುರ ತೆಳ್ಳಗಾಗುತ್ತದೆ, ಗುಳಿ ಅಗಲವಾಗುತ್ತದೆ.

ಹಾಗಂತ ಗುಳಿ ದೊಡ್ಡದಿದ್ದವರಿಗೆಲ್ಲ ಕಾಯಿಲೆ ಅಲ್ಲ. ಹುಟ್ಟಿನಿಂದಲೇ ಡಿಸ್ಕ್ ದೊಡ್ಡದಿದ್ದರೆ ಅಷ್ಟೇ ತಂತುಗಳು ಅಗಲವಾದ ಸುತ್ತಳತೆಯಲ್ಲಿ ಹಂಚಿಕೊಳ್ಳುತ್ತವೆ, ನಡುವೆ ಖಾಲಿ ಜಾಗ ಜಾಸ್ತಿ ಉಳಿಯುತ್ತದೆ. ಅಂಥವರಲ್ಲಿ 0.7 ಜೀವನಪೂರ್ತಿ 0.7 ಆಗಿಯೇ ಇರಬಹುದು. ಚಿಕ್ಕ ಡಿಸ್ಕ್‌ನಲ್ಲಿ 0.5 ಕಂಡರೂ ನಾವು ಮತ್ತೊಮ್ಮೆ ನೋಡುತ್ತೇವೆ. ನಿಮ್ಮ ವಿಷಯದಲ್ಲಿ ಗಮನ ಸೆಳೆದಿರುವುದು ಬಹುಶಃ 0.7 ಅಲ್ಲ, ಎರಡು ಕಣ್ಣಿನ ನಡುವಿನ ವ್ಯತ್ಯಾಸ. ಒಬ್ಬರದೇ ಎರಡು ಕಣ್ಣು ಸಾಮಾನ್ಯವಾಗಿ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. 0.2 ಅಂತರ ಕಂಡರೆ ಯಾಕೆ ಅಂತ ಕೇಳಲೇಬೇಕು.

ಸರಳರೇಖೆ

> ಪ್ರೆಷರ್ ಜಾಸ್ತಿ ಇಲ್ಲ

ಇದೇ ಮುಖ್ಯ ಅಲ್ವಾ? ನಾನು ಓದಿದ ಕಡೆಯೆಲ್ಲ 10ರಿಂದ 21 ನಾರ್ಮಲ್ ಅಂತಲೇ ಇತ್ತು. ಸಿಂಕ್‌ಗೆ ನೀರು ಬರುತ್ತಾ ಇರುತ್ತೆ, ಕೆಳಗೆ ಹೋಗುತ್ತಾ ಇರುತ್ತೆ. ತೂತು ಕಟ್ಟಿಕೊಂಡರೆ ನೀರು ಏರುತ್ತೆ, ಅದೇ ಗ್ಲಾಕೋಮಾ. 17ಕ್ಕೆ ಯಾವುದೂ ಕಟ್ಟಿಲ್ಲ. ನನ್ನ ಪ್ರಕಾರ ಆರು ತಿಂಗಳು ಬಿಟ್ಟು ಇನ್ನೊಮ್ಮೆ ಪ್ರೆಷರ್ ನೋಡಿಸಿದರೆ ಸಾಕು.

ಸ್ಲಿಟ್‌ಲ್ಯಾಂಪ್

ಸಿಂಕ್ ಹೋಲಿಕೆ ಅರ್ಧ ಸರಿ. ಕಣ್ಣಿನ ಮುಂಭಾಗದಲ್ಲಿ ನಿಮಿಷಕ್ಕೆ ಎರಡೂವರೆ ಮೈಕ್ರೋಲೀಟರ್‌ನಷ್ಟು ದ್ರವ ತಯಾರಾಗುತ್ತದೆ. ಐರಿಸ್‌ನ ಹಿಂದೆ ಹುಟ್ಟಿ, ಪಾಪೆಯ ಮೂಲಕ ಮುಂದೆ ಬಂದು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಐರಿಸ್ ಸೇರುವ ಮೂಲೆಯಲ್ಲಿರುವ ಜಾಲರಿಯಿಂದ ಹೊರಹೋಗುತ್ತದೆ. ಅಲ್ಲಿ ಅಡಚಣೆಯಾದರೆ ಪ್ರೆಷರ್ ಏರುತ್ತದೆ, ನಿಜ. ಆದರೆ ಏರಿದ ಪ್ರೆಷರೇ ಕಾಯಿಲೆ ಅಲ್ಲ. ಕಾಯಿಲೆ ಇರುವುದು ಹಿಂದಿನ ನರದಲ್ಲಿ. ನಿಮ್ಮ ಸಿಂಕ್‌ನಲ್ಲಿ ಆ ನರವೇ ಇಲ್ಲ.

21 ಅನ್ನುವ ಗೆರೆ ಬಂದದ್ದು ಲೆಕ್ಕದಿಂದ. ಸಾವಿರಾರು ಜನರ ಪ್ರೆಷರ್ ಅಳೆದು ಸರಾಸರಿ ತೆಗೆದರು. ಅದು 15, 16ರ ಹತ್ತಿರ ಬಂತು. ಅದಕ್ಕೆ ಎರಡು ಸ್ಟ್ಯಾಂಡರ್ಡ್ ಡೀವಿಯೇಷನ್ ಕೂಡಿಸಿ ಮೇಲಿನ ಮಿತಿ ಹಾಕಿದರು. 21 ಮಿ.ಮೀ. ಪಾದರಸದಲ್ಲಿ ನರಕ್ಕೆ ಏನೋ ಆಗಿಬಿಡುತ್ತದೆ ಅಂತ ಯಾರೂ ಕಂಡುಹಿಡಿದದ್ದಲ್ಲ. 26 ಇದ್ದೂ ನರ ಗಟ್ಟಿಮುಟ್ಟಾಗಿರುವವರಿದ್ದಾರೆ. 14ರಲ್ಲೇ ನರ ಸವೆಯುತ್ತಿರುವವರೂ ಇದ್ದಾರೆ.

2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ಓಟ್ಸ್ ಅಂತ ಕರೆಯುತ್ತಾರೆ. ಪ್ರೆಷರ್ ಜಾಸ್ತಿ ಇದ್ದು ನರ, ಫೀಲ್ಡ್ (ಅಂದರೆ ನೋಟದ ವ್ಯಾಪ್ತಿ) ಎರಡೂ ಸರಿಯಿದ್ದ 1,636 ಜನರನ್ನು ಆರಿಸಿಕೊಂಡು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಪ್ರೆಷರ್ ಇಳಿಸುವ ಡ್ರಾಪ್ಸ್ ಕೊಟ್ಟರು. ಐದು ವರ್ಷ ಆದ ಮೇಲೆ ಡ್ರಾಪ್ಸ್ ಹಾಕದ ಗುಂಪಿನಲ್ಲಿ ನೂರಕ್ಕೆ 9.5 ಜನರಿಗೆ ಗ್ಲಾಕೋಮಾ ಬಂತು, ಹಾಕಿದವರಲ್ಲಿ 4.4. ಡ್ರಾಪ್ಸ್ ಕೆಲಸ ಮಾಡುತ್ತವೆ ಅನ್ನುವುದು ಒಂದು ಮಾತು. ಇನ್ನೊಂದನ್ನೂ ನೋಡಿ: ಪ್ರೆಷರ್ ಜಾಸ್ತಿ ಇದ್ದು ಏನೂ ಹಾಕದೆ ಇದ್ದವರಲ್ಲೂ ನೂರಕ್ಕೆ 90 ಜನರಿಗೆ ಆ ಐದು ವರ್ಷದಲ್ಲಿ ಏನೂ ಆಗಲಿಲ್ಲ. ಬರೀ ಪ್ರೆಷರ್ ನಂಬಿದರೆ ಸುಮ್ಮನೆ ಹೆದರಿಸುವುದೂ ಆಗುತ್ತೆ, ಕಾಯಿಲೆ ತಪ್ಪಿಸಿಕೊಳ್ಳುವುದೂ ಆಗುತ್ತೆ.

ಬೆಳಗಿನ ಪಾಳಿ

ಆ 14ರವರಲ್ಲಿ ನಾನೂ ಒಬ್ಬಳು. ನಾರ್ಮಲ್ ಟೆನ್ಷನ್ ಗ್ಲಾಕೋಮಾ. ಕ್ಲಿನಿಕ್‌ನಲ್ಲಿ ಯಾವತ್ತು ನೋಡಿದರೂ 14, 15. ವರ್ಷಗಟ್ಟಲೆ “ಪ್ರೆಷರ್ ಚೆನ್ನಾಗಿದೆ, ಹೋಗಿ ಬನ್ನಿ” ಅಂತ ಕಳಿಸಿದರು. ಒಂದು ಸಲ ಬೇರೆ ಡಾಕ್ಟರ್ ನರದ ಅಂಚಿನಲ್ಲಿ ಕೂದಲೆಳೆಯಷ್ಟು ರಕ್ತದ ಗೆರೆ ಕಂಡು ತಡೆದರು. ಅದು ನೋವು ಕೊಡಲ್ಲ, ಕಾಣೋದರಲ್ಲಿ ವ್ಯತ್ಯಾಸ ಮಾಡಲ್ಲ, ಕೆಲವು ವಾರಗಳಲ್ಲಿ ಕರಗಿ ಹೋಗುತ್ತೆ. ಆ ಹೊತ್ತಲ್ಲಿ ಪಾಪೆ ಹಿಗ್ಗಿಸಿ ನೋಡಿದವರಿಗೆ ಮಾತ್ರ ಸಿಗುತ್ತೆ.

ಇನ್ನೊಂದು ಮಾತು. ಪ್ರೆಷರ್ ದಿನವಿಡೀ ಒಂದೇ ಇರಲ್ಲ. ತುಂಬ ಜನರಲ್ಲಿ ರಾತ್ರಿ ಮಲಗಿದಾಗ, ಇಲ್ಲ ನಸುಕಿನಲ್ಲಿ ಜಾಸ್ತಿ ಇರುತ್ತೆ. ಕ್ಲಿನಿಕ್ ತೆರೆಯುವುದು ಹತ್ತಕ್ಕೆ! ನನ್ನ ಡಾಕ್ಟರ್ ಬೆಳಗ್ಗೆ ಬೇಗ, ಮಧ್ಯಾಹ್ನ, ಸಂಜೆ ಅಂತ ಹೊತ್ತು ಬದಲಿಸಿ ಅಳೆಸಿದರು. ಆಗಲೂ ನನ್ನದು 17 ದಾಟಲಿಲ್ಲ, ಅದು ಬೇರೆ ಮಾತು. ಆದರೆ ಕೆಲವರಲ್ಲಿ ದೊಡ್ಡ ಏರಿಳಿತ ಸಿಗುತ್ತೆ ಅಂತ ಹೇಳಿದರು.

ಹಳೇ ಕನ್ನಡಕ

ಪ್ರೆಷರ್ ನಾರ್ಮಲ್ ಇದ್ದರೆ ನಿಮಗೆ ಚಿಕಿತ್ಸೆ ಏನು? ಇಳಿಸೋಕೆ ಏನಿದೆ ಅಲ್ಲಿ?

ಬೆಳಗಿನ ಪಾಳಿ

ಇನ್ನೂ ಇಳಿಸುವುದೇ. ನನಗೂ ವಿಚಿತ್ರ ಅನ್ನಿಸಿತ್ತು. 1998ರಲ್ಲಿ ಬಂದ ಒಂದು ಅಧ್ಯಯನದಲ್ಲಿ ನಮ್ಮಂಥವರ ಪ್ರೆಷರನ್ನು ಇದ್ದದ್ದಕ್ಕಿಂತ ನೂರಕ್ಕೆ 30ರಷ್ಟು ಇಳಿಸಿದಾಗ ಕಾಯಿಲೆ ಮುಂದುವರಿಯುವುದು ನಿಧಾನವಾಯಿತು ಅಂತ ತೋರಿಸಿದ್ದಾರಂತೆ. ರಾತ್ರಿ ಒಂದು ಹನಿ ಹಾಕುತ್ತೇನೆ. ಈಗ 10, 11 ಬರುತ್ತೆ. ರೆಪ್ಪೆಗೂದಲು ಉದ್ದ ಬೆಳೆದಿದೆ, ಅದು ಆ ಔಷಧಿಯ ಅಡ್ಡಪರಿಣಾಮ. ದೂರು ಕೊಡಲ್ಲ ನಾನು :)

ಸ್ಲಿಟ್‌ಲ್ಯಾಂಪ್

ಈಗ ಪ್ಯಾಕಿಮೆಟ್ರಿ, ಅಂದರೆ ಕಾರ್ನಿಯಾದ ದಪ್ಪ ಅಳೆಯುವುದು, ಯಾಕೆ ಅಂತ ಹೇಳಿಬಿಡುತ್ತೇನೆ, ಪ್ರೆಷರ್ ವಿಷಯ ಬಂದಿದೆಯಲ್ಲ.

ಪ್ರೆಷರನ್ನು ನಾವು ಒಳಗೆ ಹೋಗಿ ಅಳೆಯುವುದಿಲ್ಲ. ಕಾರ್ನಿಯಾವನ್ನು ಹೊರಗಿನಿಂದ ಒತ್ತಿ, ಎಷ್ಟು ಬಲಕ್ಕೆ ಚಪ್ಪಟೆಯಾಯಿತು ಅಂತ ನೋಡಿ ಅಂದಾಜು ಮಾಡುತ್ತೇವೆ. 1950ರ ದಶಕದಲ್ಲಿ ಗೋಲ್ಡ್‌ಮನ್ ಅನ್ನುವವರು ರೂಪಿಸಿದ ಉಪಕರಣ ಇವತ್ತಿಗೂ ನಮ್ಮ ಅಳತೆಗೋಲು. ಮರಗಟ್ಟಿಸುವ ಹನಿ, ಕಿತ್ತಳೆ ಬಣ್ಣದ ಡೈ ಹಾಕಿ, ನೀಲಿ ಬೆಳಕಿನಲ್ಲಿ ಚಿಕ್ಕ ಪ್ರಿಸಂ ಒಂದನ್ನು ಕಾರ್ನಿಯಾಕ್ಕೆ ತಾಗಿಸುತ್ತೇವೆ. ನಮಗೆ ಎರಡು ಹಸಿರು ಅರ್ಧವೃತ್ತ ಕಾಣುತ್ತವೆ. ಬದಿಯ ತಿರುಪು ತಿರುಗಿಸುತ್ತಾ ಹೋದಂತೆ ಅವು ಸರಿದು, ಒಂದರ ಒಳಅಂಚು ಇನ್ನೊಂದರ ಒಳಅಂಚಿಗೆ ತಾಗಿದ ಕ್ಷಣ ನಿಲ್ಲಿಸಬೇಕು. ಆಗ 3.06 ಮಿ.ಮೀ. ಅಗಲದ ವೃತ್ತ ಚಪ್ಪಟೆಯಾಗಿದೆ ಅಂತ ಅರ್ಥ. ತಿರುಪಿನ ಮೇಲಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಪ್ರೆಷರ್. ಅರ್ಧವೃತ್ತಗಳು ಹೃದಯದ ಬಡಿತಕ್ಕೆ ಸಣ್ಣಗೆ ಅಲುಗುತ್ತಲೇ ಇರುತ್ತವೆ. ರೋಗಿ ಉಸಿರು ಬಿಗಿಹಿಡಿದರೆ, ಕತ್ತಿನ ಕಾಲರ್ ಬಿಗಿಯಿದ್ದರೆ ಅಂಕಿ ಮೇಲೆ ಹೋಗುತ್ತದೆ. “ಉಸಿರಾಡಿ, ಉಸಿರಾಡಿ” ಅಂತ ಹೇಳುತ್ತಲೇ ಇರುತ್ತೇನೆ.

ಗೋಲ್ಡ್‌ಮನ್ ಲೆಕ್ಕ ಕೂತಿರುವುದು ಸಾಧಾರಣ ದಪ್ಪದ ಕಾರ್ನಿಯಾಕ್ಕೆ. ಕಾರ್ನಿಯಾ ದಪ್ಪ ಇದ್ದರೆ ಒತ್ತಲು ಜಾಸ್ತಿ ಬಲ ಬೇಕು, ಪ್ರೆಷರ್ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ತೆಳ್ಳಗಿದ್ದರೆ ಕಡಿಮೆ ತೋರಿಸುತ್ತದೆ. ಲೇಸರ್ ಮಾಡಿಸಿ ಕನ್ನಡಕ ತೆಗೆಸಿದವರಲ್ಲಿ ಕಾರ್ನಿಯಾ ತೆಳುವಾಗಿರುತ್ತದೆ, ಅವರು ಅದನ್ನು ಡಾಕ್ಟರಿಗೆ ಹೇಳಲೇಬೇಕು. ಸರಾಸರಿ ದಪ್ಪ 540, 550 ಮೈಕ್ರಾನ್ ಸುತ್ತಮುತ್ತ. ಓಟ್ಸ್ ಅಧ್ಯಯನದಲ್ಲೇ 555ಕ್ಕಿಂತ ತೆಳ್ಳಗಿದ್ದವರಿಗೆ, 588ಕ್ಕಿಂತ ದಪ್ಪ ಇದ್ದವರಿಗೆ ಹೋಲಿಸಿದರೆ, ಗ್ಲಾಕೋಮಾ ಬರುವ ಸಂಭವ ಮೂರು ಪಟ್ಟಿನಷ್ಟು ಇತ್ತು. ನಿಮ್ಮ 17ಕ್ಕೆ ಏನು ಬೆಲೆ ಕೊಡಬೇಕು ಅನ್ನುವುದನ್ನು ಈ ಟೆಸ್ಟ್ ಹೇಳುತ್ತೆ. ಒಂದು ನಿಮಿಷವೂ ಬೇಡ ಮುಗಿಯೋಕೆ.

ಮೈನಸ್ ಎಂಟು

ಓಸಿಟಿ, ಅಂದರೆ ನರತಂತುಗಳ ಪದರದ ದಪ್ಪ ಅಳೆಯುವ ಸ್ಕ್ಯಾನ್, ಅದರ ಬಗ್ಗೆ ಒಂದು ಎಚ್ಚರಿಕೆ, ಯಾಕೆಂದರೆ ನಾನು ಅದರ ಹಾಳೆ ನೋಡಿಯೇ ಒಂದು ವಾರ ನಿದ್ದೆಗೆಟ್ಟವನು. ರಿಪೋರ್ಟ್‌ನಲ್ಲಿ ಹಸಿರು, ಹಳದಿ, ಕೆಂಪು ಇರುತ್ತೆ. ನನ್ನದು ಎರಡೂ ಕಣ್ಣು ಅಲ್ಲಲ್ಲಿ ಕೆಂಪು. ಇಂಟರ್‌ನೆಟ್ಟಿನಲ್ಲಿ ಹುಡುಕಿ ಕುರುಡಾಗುವುದೇ ಖಚಿತ ಅಂದುಕೊಂಡೆ. ಡಾಕ್ಟರ್ ನಕ್ಕುಬಿಟ್ಟರು. ಮೈನಸ್ ಪವರ್ ತುಂಬ ಇರುವ ಕಣ್ಣು ಉದ್ದವಾಗಿರುತ್ತೆ, ತಂತುಪದರ ತೆಳ್ಳಗೆ ಕಾಣುತ್ತೆ, ದಪ್ಪ ಇರುವ ಜಾಗವೂ ಸರಿದಿರುತ್ತೆ. ಮೆಷಿನ್ ಹೋಲಿಸುವ ಪಟ್ಟಿಯಲ್ಲಿ ಇಂಥ ಕಣ್ಣುಗಳು ಸಾಮಾನ್ಯವಾಗಿ ತುಂಬ ಕಡಿಮೆ. ಆರು ವರ್ಷದಿಂದ ಅದೇ ಕೆಂಪು, ಅದೇ ಜಾಗದಲ್ಲಿ, ಒಂದು ಚೂರೂ ಹಿಗ್ಗಿಲ್ಲ.

ಸ್ಲಿಟ್‌ಲ್ಯಾಂಪ್

ಚೆನ್ನಾಗಿ ಹೇಳಿದಿರಿ. ಇದನ್ನು ‘ರೆಡ್ ಡಿಸೀಸ್’ ಅಂತ ನಾವು ತಮಾಷೆ ಮಾಡುತ್ತೇವೆ, ಹಾಳೆಗೆ ಬಂದ ಕಾಯಿಲೆ. ಆದರೆ ಮೈನಸ್ ಜಾಸ್ತಿ ಇರುವವರಿಗೆ ನಿಜವಾದ ಗ್ಲಾಕೋಮಾದ ಅಪಾಯವೂ ಜಾಸ್ತಿ. ಅದಕ್ಕೇ ನಿಮ್ಮನ್ನು ಆರು ವರ್ಷದಿಂದ ಬಿಡದೆ ಕರೆಯುತ್ತಿರುವುದು.

ಹಳದಿ ಅಂದರೆ ನಿಮ್ಮ ವಯಸ್ಸಿನ ಆರೋಗ್ಯವಂತರಲ್ಲಿ ತೀರಾ ತೆಳ್ಳಗಿರುವ ನೂರಕ್ಕೆ 5 ಜನರ ಸಾಲಿನಲ್ಲಿದ್ದೀರಿ ಅಂತ. ಕೆಂಪು ಅಂದರೆ ನೂರಕ್ಕೆ 1. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಜನರನ್ನು ಕೂರಿಸಿದರೂ ಕೆಲವರ ಹಾಳೆಯಲ್ಲಿ ಬಣ್ಣ ಬಂದೇ ಬರುತ್ತದೆ. ಉಲ್ಟಾ ಕೂಡ ಇದೆ. ಹುಟ್ಟಾ ದಪ್ಪ ಪದರ ಇದ್ದವರು 115 ಮೈಕ್ರಾನ್‌ನಿಂದ 95ಕ್ಕೆ ಇಳಿದರೂ ಹಾಳೆ ಹಸಿರೇ. ಆ 115 ಎಲ್ಲೋ ದಾಖಲಾಗಿದ್ದರೆ ಮಾತ್ರ ನಷ್ಟ ಕಣ್ಣಿಗೆ ಬೀಳುತ್ತದೆ.

ನನ್ನ ಕೇಳಿದರೆ ಮೊದಲ ಓಸಿಟಿಯ ಮುಖ್ಯ ಉಪಯೋಗ ಇದೇ, ಎರಡನೆಯದಕ್ಕೆ ಹೋಲಿಸಲು ಏನಾದರೂ ಇರಬೇಕು ಅನ್ನುವುದು. ಡಿಸ್ಕ್ ಫೋಟೋಕ್ಕೂ ಇದೇ ಮಾತು. ಅದನ್ನು ಮಾತ್ರ ಇತ್ತೀಚೆಗೆ ತೆಗೆಯುವವರು ಕಡಿಮೆ. ಬೇಸರದ ವಿಷಯ. ಓಸಿಟಿ ಮೆಷಿನ್ ಹಳತಾಗುತ್ತದೆ, ಬೇರೆ ಕಂಪನಿಯದು ಬರುತ್ತದೆ, ಅಳತೆ ಹೊಂದುವುದಿಲ್ಲ. ಫೋಟೋ ಇಪ್ಪತ್ತು ವರ್ಷ ಆದರೂ ಫೋಟೋನೇ. ಓಸಿಟಿಯ ಮೂಲ ಪ್ರಬಂಧ ಬಂದದ್ದೇ 1991ರಲ್ಲಿ. ಅದಕ್ಕಿಂತ ಹಿಂದಿನವರು ಫೋಟೋ, ಕೈಚಿತ್ರ ನೋಡಿಕೊಂಡೇ ಗ್ಲಾಕೋಮಾ ಹಿಡಿಯುತ್ತಿದ್ದರು.

ಸರಳರೇಖೆ

ಸರಿ, ಒಪ್ಪಿದೆ, ಪ್ರೆಷರ್ ಒಂದೇ ಸಾಲದು. ಆದರೆ ಅನುಮಾನ ನನಗೆ ಹೋಗಿಲ್ಲ. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2022ರಲ್ಲಿ, ಲಕ್ಷಣ ಇಲ್ಲದ ದೊಡ್ಡವರಿಗೆ ಗ್ಲಾಕೋಮಾ ಸ್ಕ್ರೀನಿಂಗ್ ಮಾಡಬೇಕೋ ಬೇಡವೋ ಅಂತ ಹೇಳಲು ಸಾಕಷ್ಟು ಪುರಾವೆ ಇಲ್ಲ ಅಂತ ಹೇಳಿದೆ. ಅಂಥವರೇ ಹಾಗೆ ಹೇಳುವಾಗ ಒಬ್ಬರಿಗೆ ನಾಲ್ಕು ಟೆಸ್ಟ್ ಅಂದರೆ ಸುಮ್ನೆ ಅಲ್ವಾ?

ತಿರುಗುಬಾಣ

ಅವರು ಹೇಳಿದ್ದು ‘ಪುರಾವೆ ಸಾಲದು’ ಅಂತ. ‘ಬೇಡ’ ಅಂತಲ್ಲ. ಎರಡೂ ಒಂದೇ ಅಲ್ಲ.

ಇನ್ನೊಂದು, ಅದು ದಾರಿಯಲ್ಲಿ ಹೋಗುವ ಎಲ್ಲರನ್ನೂ ನಿಲ್ಲಿಸಿ ಪರೀಕ್ಷಿಸುವ ವಿಷಯ. ಇಲ್ಲಿ ಒಬ್ಬ ಡಾಕ್ಟರ್ ಎರಡು ನರಗಳ ನಡುವೆ ವ್ಯತ್ಯಾಸ ಕಂಡಿದ್ದಾರೆ. ಕಂಡ ಮೇಲೆ ಹುಡುಕದೆ ಇದ್ದರೆ ಅದು ನಿರ್ಲಕ್ಷ್ಯ. ಬೀದಿ ಕ್ಯಾಂಪ್‌ನಲ್ಲಿ ಗಾಳಿ ಊದಿ ಪ್ರೆಷರ್ ನೋಡಿ ‘ನಿಮಗೇನಿಲ್ಲ’ ಅಂತ ಕಳಿಸುವುದರ ಮೇಲೆ ನನಗೂ ಸಿಟ್ಟಿದೆ. ಅಲ್ಲಿ ನಾರ್ಮಲ್ ಅಂದದ್ದಕ್ಕೇ ಜನ ನಿಶ್ಚಿಂತೆಯಿಂದ ಹತ್ತು ವರ್ಷ ಕೂತುಬಿಡುತ್ತಾರೆ.

ಸರಳರೇಖೆ

ಅದು ಒಪ್ಪಬಹುದು. ಆದರೂ ಯಾವ ಟೆಸ್ಟ್ ಯಾಕೆ ಅಂತ ಡಾಕ್ಟರ್ ಎರಡು ಮಾತು ಹೇಳಿದ್ದರೆ ಈ ಪ್ರಶ್ನೆಯೇ ಇಲ್ಲಿಗೆ ಬರುತ್ತಿರಲಿಲ್ಲ.

ಸ್ಲಿಟ್‌ಲ್ಯಾಂಪ್

ಅದಕ್ಕೆ ನನ್ನ ತಕರಾರಿಲ್ಲ.

ಸಂಜೆಮಲ್ಲಿಗೆ

ಗೋನಿಯೋಸ್ಕೋಪಿಯನ್ನು ದಯವಿಟ್ಟು ಬಿಡಬೇಡಿ. ನಮ್ಮಮ್ಮನ ಕಥೆ ಹೇಳುತ್ತೇನೆ. ಅವರಿಗೆ ಪ್ಲಸ್ ಪವರ್. ಸಂಜೆ ಹೊತ್ತು ಆಗಾಗ ಒಂದು ಕಡೆ ತಲೆನೋವು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತೆ ಅನ್ನುತ್ತಿದ್ದರು. ಮಲಗಿ ಎದ್ದರೆ ಸರಿಹೋಗುತ್ತಿತ್ತು. ಒಂದು ರಾತ್ರಿ ತಲೆ ಒಡೆಯುವಷ್ಟು ನೋವು, ವಾಂತಿ ಮೇಲೆ ವಾಂತಿ. ಮೊದಲು ಹೋದ ಕಡೆ ಹೊಟ್ಟೆಯ ತೊಂದರೆ ಅಂತ ಇಂಜೆಕ್ಷನ್ ಕೊಟ್ಟರು, ಕಣ್ಣು ಕೆಂಪಾಗಿದ್ದನ್ನು ಯಾರೂ ಗಮನಿಸಲಿಲ್ಲ. ಮರುದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋದಾಗ ಪ್ರೆಷರ್ 50 ದಾಟಿತ್ತು. ಆಂಗಲ್, ಅಂದರೆ ದ್ರವ ಹೊರಹೋಗುವ ಮೂಲೆ, ಮುಚ್ಚಿತ್ತು. ಪ್ರೆಷರ್ ಇಳಿಸಿ ಎರಡೂ ಕಣ್ಣಿಗೆ ಲೇಸರ್ ಮಾಡಿದರು. ಒಂದು ಕಣ್ಣಿನ ದೃಷ್ಟಿ ಪೂರ್ತಿ ವಾಪಸ್ ಬರಲಿಲ್ಲ.

ಆಂಗಲ್ ಕಿರಿದಾಗಿದೆ ಅಂತ ಮೊದಲೇ ಯಾರಾದರೂ ನೋಡಿದ್ದರೆ ತಪ್ಪಿಸಬಹುದಿತ್ತು. ಅವರಿಗೆ ಕನ್ನಡಕದ ಟೆಸ್ಟ್ ಪ್ರತಿ ವರ್ಷ ಆಗುತ್ತಿತ್ತು.

ಸ್ಲಿಟ್‌ಲ್ಯಾಂಪ್

ಓದಿ ಬೇಜಾರಾಯಿತು. ಕೆಂಪು ಕಣ್ಣು, ಒಂದು ಕಡೆ ತಲೆನೋವು, ವಾಂತಿ, ಮಬ್ಬು, ದೀಪದ ಸುತ್ತ ಬಣ್ಣದ ಬಳೆ. ಇವು ಒಟ್ಟಿಗೆ ಬಂದರೆ ಅದು ತುರ್ತು, ಬೆಳಗಾಗಲಿ ಅಂತ ಕಾಯುವಂಥದ್ದಲ್ಲ.

ಆಂಗಲ್ ಅನ್ನುವುದು ನಾನು ಮೇಲೆ ಹೇಳಿದ ಜಾಲರಿ ಇರುವ ಮೂಲೆ. ನೇರವಾಗಿ ನೋಡಿದರೆ ಅದು ಯಾರಿಗೂ ಕಾಣುವುದಿಲ್ಲ. ಅಲ್ಲಿಂದ ಬರುವ ಬೆಳಕು ಕಾರ್ನಿಯಾದ ಹೊರಮೈ ದಾಟಲಾಗದೆ ಒಳಕ್ಕೇ ಪ್ರತಿಫಲಿಸಿ ಹಿಂದೆ ಹೋಗಿಬಿಡುತ್ತದೆ. ಅದಕ್ಕೆ ಕನ್ನಡಿ ಇರುವ ಲೆನ್ಸ್ ಒಂದನ್ನು ಕಣ್ಣಿಗೆ ತಾಗಿಸಿ ನೋಡಬೇಕು, ಅದೇ ಗೋನಿಯೋಸ್ಕೋಪಿ. ಕೋಣೆ ಕತ್ತಲಿರಬೇಕು, ಬೆಳಕು ಸಣ್ಣದಿರಬೇಕು, ಯಾಕೆಂದರೆ ಜೋರು ಬೆಳಕಿಗೆ ಪಾಪೆ ಚಿಕ್ಕದಾಗಿ ಮುಚ್ಚಿರುವ ಆಂಗಲ್ ಕೂಡ ತೆರೆದಂತೆ ಕಾಣುತ್ತದೆ. ತಾಳ್ಮೆ ಬೇಡುವ ಟೆಸ್ಟ್. ಹಾಗಾಗಿಯೇ ಜನ ಹಾರಿಸುವುದು.

ಆಂಗಲ್ ಕಿರಿದಾಗಿರುವ ಎಲ್ಲರಿಗೂ ಲೇಸರ್ ಬೇಕು ಅಂತಿಲ್ಲ. ಚೀನಾದ ಗ್ವಾಂಗ್‌ಝೌನಲ್ಲಿ ನಡೆದು 2019ರಲ್ಲಿ ಬಂದ ಅಧ್ಯಯನದಲ್ಲಿ, ಕಿರಿದಾದ ಆಂಗಲ್ ಬಿಟ್ಟರೆ ಬೇರೆ ತೊಂದರೆ ಇಲ್ಲದವರಲ್ಲಿ ಲೇಸರ್ ಮಾಡದ ಕಣ್ಣಿಗೂ ಅಪಾಯ ಕಡಿಮೆಯೇ ಇತ್ತು. ಯಾರಿಗೆ ಮಾಡಬೇಕು ಅನ್ನುವುದನ್ನು ಡಾಕ್ಟರ್ ತೂಗಿ ನೋಡುತ್ತಾರೆ.

ಹಳೇ ಕನ್ನಡಕ

ಟೆಸ್ಟ್ ಮುಗಿಸಿ ಬಂದೆ. ಕಾರ್ನಿಯಾ 512 ಮತ್ತು 515. ಆಂಗಲ್ ಎರಡೂ ಕಡೆ ತೆರೆದಿದೆ. ಓಸಿಟಿಯಲ್ಲಿ ಬಲಗಣ್ಣಿನ ಕೆಳಭಾಗ ಹಳದಿ, ಉಳಿದದ್ದು ಹಸಿರು.

ಫೀಲ್ಡ್ ಟೆಸ್ಟ್ ಮಾತ್ರ ನರಕ. ಒಂದು ಕಣ್ಣು ಮುಚ್ಚಿ, ಗಲ್ಲ ಇಟ್ಟುಕೊಂಡು ಬಿಳಿ ಗುಂಡಿಯೊಳಗೆ ನಡುವಿನ ಹಳದಿ ಚುಕ್ಕೆಯನ್ನೇ ನೋಡಬೇಕು. ಎಲ್ಲೆಲ್ಲೋ ಬೆಳಕು ಮಿನುಗುತ್ತೆ, ಕಂಡಾಗ ಬಟನ್ ಒತ್ತಬೇಕು. ಎಷ್ಟೋ ಹೊತ್ತು ಏನೂ ಕಾಣಲೇ ಇಲ್ಲ. ಇದ್ದ ದೃಷ್ಟಿಯೂ ಹೋಯಿತಾ ಅಂತ ಗಾಬರಿಯಾಗಿ ಕಾಣದಿದ್ದರೂ ಒತ್ತಿಬಿಟ್ಟೆ. ರಿಪೋರ್ಟ್ ಮೇಲೆ ‘ನಂಬುವಂತಿಲ್ಲ’ ಅಂತ ಬಂತು. ಮತ್ತೆ ಮಾಡಬೇಕಂತೆ.

ಪೆರಿಮೀಟರ್

ಸ್ವಾಗತ, ಎಲ್ಲರ ಮೊದಲ ಸಲವೂ ಹೀಗೇ. ಹತ್ತು ವರ್ಷದಿಂದ ಈ ಟೆಸ್ಟ್ ಕೊಡುತ್ತಿದ್ದೇನೆ, ನನಗೆ ಗ್ಲಾಕೋಮಾ ಇದೆ.

ಗಾಬರಿ ಬೇಡ. ಆ ಮೆಷಿನ್ ಬೇಕಂತಲೇ ನಿಮಗೆ ಕಾಣದ ಬೆಳಕು ಹಾಕುತ್ತೆ. ಸಾಮಾನ್ಯವಾಗಿ ಮಾಡುವ ಟೆಸ್ಟ್‌ನಲ್ಲಿ 54 ಜಾಗ ಇರುತ್ತವೆ. ಪ್ರತಿ ಜಾಗದಲ್ಲಿ ನಿಮಗೆ ಕಾಣುವ ಅತಿ ಮಂಕಾದ ಬೆಳಕು ಯಾವುದು ಅಂತ ಹುಡುಕುವುದೇ ಅದರ ಕೆಲಸ. ಹಾಗಾಗಿ ಕಣ್ಣು ಎಷ್ಟೇ ಚೆನ್ನಾಗಿದ್ದರೂ ಅರ್ಧದಷ್ಟು ಬೆಳಕು ಕಾಣಲ್ಲ. ಇದನ್ನು ಟೆಕ್ನಿಷಿಯನ್ ಶುರುವಿನಲ್ಲೇ ಹೇಳಬೇಕು, ಯಾರೂ ಹೇಳಲ್ಲ.

ಕೆಲವು ಉಪಾಯ. ಧಾರಾಳವಾಗಿ ಕಣ್ಣು ಮಿಟುಕಿಸಿ, ಬಟನ್ ಒತ್ತುವಾಗಲೇ ಮಿಟುಕಿಸಿದರೆ ಬೆಳಕು ತಪ್ಪಲ್ಲ. ಬಟನ್ ಒತ್ತಿ ಹಿಡಿದುಕೊಂಡರೆ ತುಂಬ ಮೆಷಿನ್‌ಗಳು ನಿಲ್ಲುತ್ತವೆ, ಆಗ ಉಸಿರು ತಗೊಳ್ಳಿ. ರೆಪ್ಪೆ ಜೋತು ಬಿದ್ದಿದ್ದರೆ ಮೇಲಕ್ಕೆ ಟೇಪ್ ಹಾಕಲು ಕೇಳಿ, ಇಲ್ಲದಿದ್ದರೆ ಮೇಲಿನ ಭಾಗ ಕಪ್ಪು ಬರುತ್ತೆ. ಬೆಳಕು ಹುಡುಕಲು ಹೋಗಬೇಡಿ, ನಡುವಿನ ಚುಕ್ಕೆ ಬಿಟ್ಟರೆ ಟೆಸ್ಟ್ ಕೆಟ್ಟಿತು. ಎರಡನೇ ಸಲ ಹೆಚ್ಚಿನವರದು ಸುಧಾರಿಸುತ್ತೆ. ಅದಕ್ಕೇ ಒಳ್ಳೆಯ ಡಾಕ್ಟರ್ ಮೊದಲನೆಯದನ್ನು ನೋಡಿ ಯಾವ ತೀರ್ಮಾನಕ್ಕೂ ಬರಲ್ಲ.

ಮೈನಸ್ ಎಂಟು

ಒಂದು ಕುತೂಹಲ. ನಿಮಗೆ ಫೀಲ್ಡ್‌ನಲ್ಲಿ ನಷ್ಟ ಇದ್ದರೆ ಅದು ಹೇಗೆ ಕಾಣುತ್ತೆ? ಕಪ್ಪು ಕಲೆ?

ಪೆರಿಮೀಟರ್

ಇಲ್ಲ. ಫೋಟೋಗಳಲ್ಲಿ ಸುತ್ತ ಕಪ್ಪು, ನಡುವೆ ಕೊಳವೆಯ ಹಾಗೆ ತೋರಿಸುತ್ತಾರಲ್ಲ, ನನಗೆ ಯಾವತ್ತೂ ಹಾಗೆ ಕಂಡಿಲ್ಲ. ಎಡಗಣ್ಣಿನ ಮೇಲಿನ ಅರ್ಧದಲ್ಲಿ ಬಿಲ್ಲಿನಂತೆ ಬಾಗಿದ ಪಟ್ಟಿಯಲ್ಲಿ ನನಗೆ ಏನೂ ಕಾಣಲ್ಲ. ಬಲಗಣ್ಣು ಮುಚ್ಚಿ ಗೋಡೆ ನೋಡಿದರೆ ಗೋಡೆ ಪೂರ್ತಿ ಇದೆ! ಅಕ್ಕಪಕ್ಕದ ಬಣ್ಣವನ್ನೇ ಮೆದುಳು ಅಲ್ಲಿಗೂ ಬಳಿಯುತ್ತೆ. ಗೋಡೆಯ ಮೇಲಿನ ಗಡಿಯಾರ ಆ ಜಾಗಕ್ಕೆ ಬಂದರೆ ಗಡಿಯಾರ ಮಾಯ, ಗೋಡೆ ಮಾತ್ರ ಉಳಿಯುತ್ತೆ. ಎರಡೂ ಕಣ್ಣು ತೆರೆದರೆ ಗಡಿಯಾರವೂ ಹಾಜರು, ಬಲಗಣ್ಣು ಭರ್ತಿ ಮಾಡುತ್ತಲ್ಲ. ಬೋರ್ಡಿನ ಕೊನೆಯ ಸಾಲು ನಾನೂ ಇವತ್ತಿಗೂ ಓದುತ್ತೇನೆ. ಅದನ್ನು ಓದುವುದು ನಟ್ಟನಡುವಿನ ದೃಷ್ಟಿ. ಗ್ಲಾಕೋಮಾ ಸಾಮಾನ್ಯವಾಗಿ ಅಲ್ಲಿಗೆ ಕೈ ಹಾಕುವುದು ಕೊನೆಯಲ್ಲಿ.

ಸ್ಲಿಟ್‌ಲ್ಯಾಂಪ್

ಇದಕ್ಕೆ ಒಂದು ಅಂಕಿ ಸೇರಿಸುತ್ತೇನೆ. ತೀರಿಕೊಂಡವರ ಕಣ್ಣುಗಳ ತಂತು ಎಣಿಸಿ, ಅವರು ಬದುಕಿದ್ದಾಗಿನ ಫೀಲ್ಡ್ ರಿಪೋರ್ಟ್‌ಗೆ ಹೋಲಿಸಿದ ಅಧ್ಯಯನಗಳಿವೆ. ಫೀಲ್ಡ್ ಟೆಸ್ಟ್‌ನಲ್ಲಿ ದೋಷ ಸ್ಪಷ್ಟವಾಗುವ ಹೊತ್ತಿಗೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನರಕೋಶಗಳು ಆಗಲೇ ಹೋಗಿರಬಹುದು ಅಂತ ಅವು ಹೇಳುತ್ತವೆ. ಅದಕ್ಕೇ ಶುರುವಿನ ಹಂತದಲ್ಲಿ ಡಿಸ್ಕ್ ಮತ್ತು ಓಸಿಟಿ ಮುಂದೆ ಇರುತ್ತವೆ, ಫೀಲ್ಡ್ ಹಿಂದೆ. ಕಾಯಿಲೆ ಬೆಳೆದ ಮೇಲೆ ತಿರುಗುಮುರುಗು. ಪದರ ಒಂದು ಮಟ್ಟಕ್ಕೆ ಸವೆದ ಮೇಲೆ ಓಸಿಟಿ ಅಳತೆ ಕೆಳಗಿಳಿಯುವುದೇ ಇಲ್ಲ, ಆಗ ಫೀಲ್ಡ್ ಒಂದೇ ಗತಿ.

ಹಳೇ ಕನ್ನಡಕ ಅವರಿಗೆ: 512 ತೆಳ್ಳಗಿನ ಕಾರ್ನಿಯಾ. ನಿಮ್ಮ 17 ಸ್ವಲ್ಪ ಕಡಿಮೆ ತೋರಿಸಿರಬಹುದು. ಇಷ್ಟಕ್ಕೆ ಇಷ್ಟು ಕೂಡಿಸಿ ಅಂತ ಇರುವ ಕೋಷ್ಟಕಗಳನ್ನು ನಂಬಬೇಡಿ, ಒಬ್ಬೊಬ್ಬರ ಕಣ್ಣಿಗೆ ಅವು ಸರಿಯಾಗಿ ಹೊಂದುವುದಿಲ್ಲ. ಕೆಳಭಾಗದ ಹಳದಿಯನ್ನು ಮಾತ್ರ ನಾನು ಹಗುರವಾಗಿ ತಗೊಳ್ಳಲ್ಲ, ಗ್ಲಾಕೋಮಾ ಮೊದಲು ಕಾಣಿಸಿಕೊಳ್ಳುವ ಜಾಗಗಳಲ್ಲಿ ಅದೂ ಒಂದು. ದೊಡ್ಡ ಕಪ್ ಇರುವ ಕಣ್ಣಿನಲ್ಲೇ ಹಳದಿ ಬಂದಿದೆ ಅನ್ನುವುದೂ ಗಮನಿಸುವಂಥದ್ದು. ಡಾಕ್ಟರ್ ಏನಂದರು?

ಹಳೇ ಕನ್ನಡಕ

ಈಗಲೇ ಡ್ರಾಪ್ಸ್ ಬೇಡ ಅಂದರು. ಫೀಲ್ಡ್ ಮತ್ತೊಮ್ಮೆ ಮಾಡಿಸಿ, ನಾಲ್ಕು ತಿಂಗಳಿಗೆ ಎಲ್ಲ ಇನ್ನೊಮ್ಮೆ ಅಂದರು. ಕಾಯುವುದರಿಂದ ನಷ್ಟ ಆಗಲ್ವಾ ಅಂತ ಕೇಳಿದ್ದಕ್ಕೆ, “ಈ ಹಂತದಲ್ಲಿ ನಾಲ್ಕು ತಿಂಗಳಲ್ಲಿ ದೊಡ್ಡದೇನೂ ಆಗಲ್ಲ. ಆದರೆ ಡ್ರಾಪ್ಸ್ ಶುರು ಮಾಡಿದರೆ ಜೀವನಪೂರ್ತಿ, ಅದಕ್ಕೆ ಕಾರಣ ಗಟ್ಟಿಯಾಗಿರಬೇಕು” ಅಂದರು. ನನಗೆ ಒಪ್ಪಿಗೆಯಾಯಿತು.

ತಿರುಗುಬಾಣ

ನಾಲ್ಕು ತಿಂಗಳಿಗೆ ಓಸಿಟಿಯಲ್ಲಿ ಎರಡು ಮೂರು ಮೈಕ್ರಾನ್ ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ದಿನ ಎರಡು ಸಲ ತೆಗೆದರೂ ಅಷ್ಟು ಬರುತ್ತೆ. ಆದಷ್ಟು ಅದೇ ಮೆಷಿನ್‌ನಲ್ಲೇ ತೆಗೆಸಿ. ಬೇರೆ ಊರಿಗೆ ಹೋಗುವುದಿದ್ದರೆ ಹಾಳೆಗಳನ್ನೆಲ್ಲ ಕೇಳಿ ಇಟ್ಟುಕೊಳ್ಳಿ. ಬಣ್ಣದ ಹಾಳೆಯೇ ಬೇಕು, ಕಪ್ಪು ಬಿಳುಪು ಜೆರಾಕ್ಸ್ ಅಲ್ಲ.

ಪುಟ್ಟಿಯ ಅಪ್ಪ

ಚರ್ಚೆ ಓದುತ್ತಾ ಒಂದು ಅನುಮಾನ. ನನ್ನ ಮಗಳಿಗೆ 9. ಕಣ್ಣಿನ ತುರಿಕೆ, ಅಲರ್ಜಿ. ಹಿಂದೊಮ್ಮೆ ಬರೆದುಕೊಟ್ಟ ಡ್ರಾಪ್ಸ್ ತುಂಬ ಚೆನ್ನಾಗಿ ಕೇಳುತ್ತೆ ಅಂತ ತುರಿಕೆ ಬಂದಾಗಲೆಲ್ಲ ಅದನ್ನೇ ತಂದು ಹಾಕುತ್ತೇವೆ. ಡಬ್ಬಿ ಮೇಲೆ ಡೆಕ್ಸಾಮೆಥಸೋನ್ ಅಂತಿದೆ. ಇದು ಸ್ಟಿರಾಯ್ಡ್ ಅಂತೆ, ಹೌದಾ?

ಸ್ಲಿಟ್‌ಲ್ಯಾಂಪ್

ಹೌದು, ಸ್ಟಿರಾಯ್ಡ್. ಕಣ್ಣಿನ ಡಾಕ್ಟರಿಗೆ ಈ ವಾರವೇ ತೋರಿಸಿ, ಎಷ್ಟು ಕಾಲದಿಂದ ಹಾಕುತ್ತಿದ್ದೀರಿ ಅಂತ ಸರಿಯಾಗಿ ಹೇಳಿ. ಅಲ್ಲಿಯವರೆಗೆ ಹೊಸ ಬಾಟಲಿ ತರಬೇಡಿ. ಈಗ ಹಾಕುತ್ತಿದ್ದರೆ ನಿಲ್ಲಿಸುವುದು ಹೇಗೆ ಅಂತ ಇವತ್ತೇ ಫೋನ್ ಮಾಡಿ ಅವರನ್ನೇ ಕೇಳಿ.

ಸ್ಟಿರಾಯ್ಡ್ ಹನಿ ಕೆಲವರಲ್ಲಿ ವಾರಗಳಲ್ಲೇ ಪ್ರೆಷರ್ ಏರಿಸುತ್ತದೆ. ಮಕ್ಕಳಲ್ಲಿ ಇನ್ನೂ ಬೇಗ ಏರಬಹುದು. ತುರಿಕೆ ನಿಂತಿರುತ್ತದೆ, ಕಣ್ಣು ಬೆಳ್ಳಗಿರುತ್ತದೆ, ಮಗು ಖುಷಿಯಾಗಿರುತ್ತದೆ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಔಷಧಿ ಕೆಟ್ಟದ್ದಲ್ಲ, ನಾವೂ ಕೊಡಿಸುತ್ತೇವೆ, ಪ್ರೆಷರ್ ನೋಡುತ್ತಾ ಕೊಡಿಸುತ್ತೇವೆ. ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಪ್ರೆಷರ್ ಇಳಿಯುತ್ತದೆ. ಆದರೆ ಅಷ್ಟರೊಳಗೆ ನರಕ್ಕೆ ಆದ ನಷ್ಟ ವಾಪಸ್ ಬರುವುದಿಲ್ಲ. ದೊಡ್ಡವರೂ ಕೇಳಿಸಿಕೊಳ್ಳಿ: ಮುಖಕ್ಕೆ ಹಚ್ಚುವ ಸ್ಟಿರಾಯ್ಡ್ ಕ್ರೀಂ, ಮಾತ್ರೆ, ಉಸಿರಿಗೆ ಎಳೆಯುವ ಪಫ್, ಇವನ್ನು ದೀರ್ಘಕಾಲ ಬಳಸುತ್ತಿದ್ದರೆ ಕಣ್ಣಿನ ಪರೀಕ್ಷೆಯಲ್ಲಿ ಹೇಳಿ. ಅವನ್ನು ಬರೆದ ಡಾಕ್ಟರನ್ನು ಕೇಳದೆ ನೀವಾಗಿಯೇ ನಿಲ್ಲಿಸಬೇಡಿ.

ಪುಟ್ಟಿಯ ಅಪ್ಪ

ನಾಳೆಗೇ ಅಪಾಯಿಂಟ್‌ಮೆಂಟ್ ತಗೊಂಡೆ. ಥ್ಯಾಂಕ್ಸ್.

ಹಳೇ ಕನ್ನಡಕ

ಕೊನೆಯ ಪ್ರಶ್ನೆ, ಆಮೇಲೆ ನಿಮ್ಮನ್ನೆಲ್ಲ ಬಿಡುತ್ತೇನೆ. ನನಗೊಬ್ಬಳು ತಂಗಿ, 38. ಕಣ್ಣು ಚೆನ್ನಾಗಿದೆ ಅಂತ ಎಲ್ಲೂ ತೋರಿಸಿಲ್ಲ. 40 ಆದ ಮೇಲೆ ನೋಡಿಸಿದರೆ ಸಾಕಾ? ನನಗೇ ಇನ್ನೂ ಖಚಿತ ಆಗಿಲ್ಲವಲ್ಲ.

ಸ್ಲಿಟ್‌ಲ್ಯಾಂಪ್

ಕಾಯುವುದು ಬೇಡ. ಒಡಹುಟ್ಟಿದವರಲ್ಲಿ ಒಬ್ಬರಿಗೆ ಇದ್ದರೆ ಇನ್ನೊಬ್ಬರಿಗೆ ಬರುವ ಸಂಭವ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ನಿಮ್ಮದು ಇನ್ನೂ ಸಸ್ಪೆಕ್ಟ್ ಮಾತ್ರ, ಹಾಗಾಗಿ ಅವರು ಓಡೋಡಿ ಹೋಗಬೇಕಿಲ್ಲ. ಆದರೆ ಈ ವರ್ಷದೊಳಗೆ ಒಮ್ಮೆ ತೋರಿಸಲಿ. ಬರೀ ಕನ್ನಡಕದ ಟೆಸ್ಟ್ ಸಾಲದು, “ಅಣ್ಣನಿಗೆ ಗ್ಲಾಕೋಮಾ ಸಸ್ಪೆಕ್ಟ್ ಅಂದಿದ್ದಾರೆ” ಅಂತ ಬಾಯಿಬಿಟ್ಟು ಹೇಳಲಿ. ಪ್ರೆಷರ್, ಆಂಗಲ್, ಪಾಪೆ ಹಿಗ್ಗಿಸಿ ಡಿಸ್ಕ್ ನೋಡುವುದು, ಇಷ್ಟು ಸಾಕು ಮೊದಲ ಸಲಕ್ಕೆ. ಎಲ್ಲ ಸರಿಯಿದ್ದರೆ ಓಸಿಟಿ, ಫೀಲ್ಡ್ ಬೇಕಾಗುವುದಿಲ್ಲ, ಒಂದು ಡಿಸ್ಕ್ ಫೋಟೋ ಮಾತ್ರ ತೆಗೆಸಿ ಇಟ್ಟುಕೊಳ್ಳಲಿ. ನಿಮ್ಮ ಓಸಿಟಿ ಹಾಳೆಯ ಒಂದು ಪ್ರತಿ ಕೊಟ್ಟು ಕಳಿಸಿ. ಅವರದೂ ದೊಡ್ಡ ಡಿಸ್ಕ್, ದೊಡ್ಡ ಕಪ್ ಆಗಿದ್ದರೆ ಮನೆತನದ ಕಣ್ಣೇ ಹಾಗೆ ಇರಬಹುದು ಅನ್ನುವ ಸುಳಿವು ನಿಮ್ಮ ಡಾಕ್ಟರಿಗೂ ಸಿಗುತ್ತದೆ.

ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಮಬ್ಬು ಇರುತ್ತೆ, ವಾಪಸ್ ಬರುವಾಗ ಗಾಡಿ ಅವರು ಓಡಿಸೋದು ಬೇಡ.